ಕೊಂದಿದ್ದು ಯಾರು ಅಂತ ಹೇಳಲ್ಲ, ಹೆದರಬೇಡಿ

1926. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿ ಬಂತು. ಓದಿದವರಲ್ಲಿ ಕೆಲವರು ಭಲೇ ಅಂದರು. ಇನ್ನು ಕೆಲವರು ‘ಇದು ಶುದ್ಧ ಮೋಸ’ ಅಂತ ಸಿಡಿದರು.

ಇಂಗ್ಲೆಂಡಿನ ಒಂದು ಹಳ್ಳಿ. ಊರ ಸಾಹುಕಾರ ಆಕ್ರಾಯ್ಡ್ ತನ್ನ ಬಂಗಲೆಯ ಕೋಣೆಯಲ್ಲಿ ಕಠಾರಿ ಇರಿತಕ್ಕೆ ಬಲಿ. ಮನೆತುಂಬ ಜನ, ಒಬ್ಬೊಬ್ಬರ ಹೊಟ್ಟೆಯಲ್ಲೂ ಒಂದೊಂದು ಗುಟ್ಟು. ಪತ್ತೇದಾರ ಪ್ವಾರೋ ಅದೇ ಊರಲ್ಲಿ ರಿಟೈರ್ ಆಗಿ, ಪಾಪ, ತರಕಾರಿ ಬೆಳೀತಿದ್ದಾನೆ!

ಜಗಳ ಇದ್ದಿದ್ದು ಕೊನೆಯ ಪುಟಗಳ ಬಗ್ಗೆ. ಲೇಖಕಿ ಆಟದ ನಿಯಮ ಮುರಿದರು ಅನ್ನೋದು ದೂರು. ಆದರೆ ಇನ್ನೊಬ್ಬ ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತರು: ಎಲ್ಲರನ್ನೂ ಅನುಮಾನಿಸೋದು ಓದುಗರ ಕೆಲಸ ತಾನೇ?

1945ರಲ್ಲಿ ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್, ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಅಂತ ತಲೆಬರಹ ಕೊಟ್ಟು ಇಡೀ ಪತ್ತೇದಾರಿ ಸಾಹಿತ್ಯವನ್ನೇ ಜಾಡಿಸಿದರು. 1998ರಲ್ಲಿ ಫ್ರಾನ್ಸಿನ ಪಿಯರ್ ಬಯಾರ್ ಇನ್ನೂ ಮುಂದೆ ಹೋದರು. ಪ್ವಾರೋ ಹಿಡಿದದ್ದೇ ತಪ್ಪು ವ್ಯಕ್ತಿಯನ್ನು ಅಂತ ವಾದಿಸಿ ಒಂದು ಪುಸ್ತಕವನ್ನೇ ಬರೆದರು!

2013ರಲ್ಲಿ ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘದ ಸದಸ್ಯರು ಮತ ಹಾಕಿ, ಸಾರ್ವಕಾಲಿಕ ಶ್ರೇಷ್ಠ ಅಪರಾಧ ಕಾದಂಬರಿ ಕ್ರಿಸ್ಟಿಯ ಇದೇ ಪುಸ್ತಕ ಅಂದರು.

ನನ್ನ ಕೇಳಿದರೆ, ಮೋಸ ಇಲ್ಲ. ಮುಗಿಸಿದ ಮೇಲೆ ಮೊದಲಿಂದ ಮತ್ತೆ ಓದಿ, ಸುಳಿವೆಲ್ಲ ಕಣ್ಣೆದುರೇ ಇರುತ್ತೆ.

ಓದಿದವರು ನಿಮ್ಮ ತೀರ್ಪು ಬರೆಯಿರಿ. ಕೊಲೆಗಾರರ ಹೆಸರು ಮಾತ್ರ ಬೇಡ, ಪ್ಲೀಸ್.