ವಿಜಯಪುರದ ಬಿಸಿಲು ಮತ್ತು ಆದಿಲ್‌ಶಾಹಿ ಕಾಲದ ಭೂಗತ ಜಲಮಾರ್ಗಗಳು

ವಿಜಯಪುರ ಪರಿಸರದ ನೀರಿನ ಬವಣೆಯನ್ನು ಮಳೆಯ ಅಭಾವವೆಂದಷ್ಟೇ ವಿವರಿಸುವುದು ರೂಢಿ. ಈ ವಿವರಣೆ ಅಪೂರ್ಣವಾದುದು. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ನೆಲದಲ್ಲಿ, ತೆರೆದ ಕೆರೆಯಿಂದ ಒಂದು ವರ್ಷದಲ್ಲಿ ಆವಿಯಾಗುವ ನೀರು ಅದರ ಮೇಲೆ ಬೀಳುವ ಮಳೆಗಿಂತ ಅಧಿಕ. ತಳದ ಬಸಾಲ್ಟ್ ಶಿಲೆಯಾದರೋ ತನ್ನ ಬಿರುಕುಗಳಲ್ಲಿಯೂ ಶಿಥಿಲ ಪದರಗಳಲ್ಲಿಯೂ ಮಾತ್ರ ನೀರನ್ನು ಹಿಡಿದಿಡಬಲ್ಲದು.

ಆದಿಲ್‌ಶಾಹಿ ರಾಜಧಾನಿಯ ಜಲವ್ಯವಸ್ಥೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ನಗರದ ಪಶ್ಚಿಮಕ್ಕೆ, ತಿಕೋಟಾ ಮಾರ್ಗದಲ್ಲಿರುವ ತೊರವಿಯ ಸುರಂಗ ಬಾವಡಿಯು ಇರಾನಿನ ಕನಾತ್ ಮಾದರಿಯ ಕರೇಜ್ ವ್ಯವಸ್ಥೆಗೆ ಸೇರಿದುದು. ಎತ್ತರದ ಪ್ರದೇಶದ ಅಂತರ್ಜಲವನ್ನು ಅತ್ಯಲ್ಪ ಇಳಿಜಾರಿನ ಸುರಂಗವೊಂದು ತನ್ನಷ್ಟಕ್ಕೆ ಹರಿಸಿ ತರುತ್ತದೆ. ಅಲ್ಲಲ್ಲಿ ತೋಡಿದ ಲಂಬಕೂಪಗಳು ಗಾಳಿ-ಬೆಳಕಿಗೂ ಹೂಳೆತ್ತುವುದಕ್ಕೂ ಒದಗುತ್ತವೆ. ದಕ್ಷಿಣದ ಬೇಗಂ ತಲಾಬಿನಿಂದ (1651) ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು ನೆಲದಡಿಯಲ್ಲಿಯೇ ಪಟ್ಟಣಕ್ಕೆ ನೀರೊಯ್ಯುತ್ತಿದ್ದವು. ಮಧ್ಯೆ ನಿಲ್ಲಿಸಿದ ಗಂಜ್ ಎಂಬ ಗೋಪುರಗಳು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತಿದ್ದವು. ಹೂಳೂ ಅವುಗಳ ತಳದಲ್ಲಿ ತಂಗುತ್ತಿತ್ತು. ತಾಜ್ ಬಾವಡಿ, ಚಾಂದ್ ಬಾವಡಿಗಳಂತೂ ಪ್ರಸಿದ್ಧವೇ ಆಗಿವೆ. ಈ ನಿರ್ಮಾತೃಗಳು ಆವಿಯಾಗುವಿಕೆಯನ್ನು ಲೆಕ್ಕ ಹಾಕಿದ್ದರೆಂದು ಹೇಳುವುದು ಸಾಹಸವಾದೀತು. ಆದರೆ ನೀರನ್ನು ಬಿಸಿಲಿನ ಕಣ್ಣಿಗೆ ಬೀಳದಂತೆ ಸಾಗಿಸಿದ ಫಲವಂತೂ ದೊರೆಯಿತು.

ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯು ದಖನ್ ಪ್ರಸ್ಥಭೂಮಿಯ ಪ್ರಾಚೀನ ಜಲವ್ಯವಸ್ಥೆಗಳನ್ನು ತನ್ನ 2020ರ ಗಮನಾರ್ಹ ತಾಣಗಳ ಪಟ್ಟಿಗೆ ಸೇರಿಸಿತು. ಇದು ಸಂತೋಷದ ಸಂಗತಿ. ಆದರೆ ಸುರಂಗದ ಹೂಳೆತ್ತಿದ ಮಾತ್ರಕ್ಕೆ ನೀರು ಹರಿಯದು. ಅಂತರ್ಜಲದ ಮಟ್ಟವು ಸುರಂಗದ ತಳಕ್ಕಿಂತ ಮೇಲಿದ್ದರೆ ಮಾತ್ರ ಕರೇಜ್ ಜೀವಂತ. ಕೊಳವೆಬಾವಿಗಳು ಆ ಮಟ್ಟವನ್ನು ಕೆಳಗೆಳೆದಲ್ಲಿ ಸ್ವಚ್ಛಗೊಂಡ ಸುರಂಗವೂ ಒಣ ಗುಹೆಯೇ. ಇಂದು ನಗರದೊಳಗೆ ಸೇರಿಹೋಗಿರುವ ಇಬ್ರಾಹಿಂಪುರದಂತಹ ನೆಲೆಗಳಲ್ಲಿ ಸಿಮೆಂಟು ಹೊದ್ದ ಅಂಗಳ-ರಸ್ತೆಗಳಿಂದ ಮಳೆನೀರು ಚರಂಡಿ ಸೇರುವಷ್ಟು ಕಾಲ ಈ ಮಟ್ಟ ಏರುವುದು ಕಷ್ಟ.

ಮುಳವಾಡ ಹಾಗೂ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳು ಕೃಷ್ಣೆಯ ನೀರನ್ನು ಈ ಭಾಗಕ್ಕೆ ಎತ್ತಿ ತಂದಿವೆ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೂ ಒರತೆ ಬರುತ್ತದೆ; ಆದರೆ ಹಾಗೆ ತಂದ ನೀರಿನ ಮೇಲೂ ಅದೇ ಬಿಸಿಲು ಬೀಳುತ್ತದೆ. ತೊರವಿಯ ಜಲಾನಯನದಲ್ಲಿ ಸುರಂಗದ ತಳಮಟ್ಟವನ್ನೂ ಬಾವಿಗಳ ನೀರಿನ ಮಟ್ಟವನ್ನೂ ಋತುಮಾನಕ್ಕನುಗುಣವಾಗಿ ಒಟ್ಟಿಗೆ ಅಳೆಯುವ ಕಾರ್ಯವು ಜೀರ್ಣೋದ್ಧಾರಕ್ಕಿಂತ ಮೊದಲು ನಡೆಯಬೇಕು.