ಕೆಲಸ ಬರುತ್ತೆ, ಸರ್ಟಿಫಿಕೇಟ್ ಎಲ್ಲಿ?

ಇವತ್ತು ಅಪ್ರೆಂಟಿಸ್ ತರಬೇತಿ ಬಗ್ಗೆ ಮಾತಾಡ್ತೀನಿ.

ಗಂಗಾವತಿ ತಾಲ್ಲೂಕಿನ ಸಾಣಾಪುರದ ಸುತ್ತ ಭತ್ತದ ಗದ್ದೆಗಳು. ಗದ್ದೆ ಇದ್ದಲ್ಲಿ ಪಂಪ್‌ಸೆಟ್, ಪಂಪ್‌ಸೆಟ್ ಇದ್ದಲ್ಲಿ ಸುಟ್ಟ ಮೋಟರ್! ಅದಕ್ಕೆ ಹೊಸ ತಂತಿ ಸುತ್ತೋ ಹುಡುಗರು ಸಾಮಾನ್ಯವಾಗಿ ಕಲಿಯೋದು ಅಂಗಡಿಯಲ್ಲೇ, ಮೇಸ್ತ್ರಿ ಪಕ್ಕ ಕೂತು. ವರ್ಷಗಟ್ಟಲೆ ಕಲಿತರೂ ಕೈಗೆ ಸರ್ಟಿಫಿಕೇಟ್ ಬರಲ್ಲ. ಯಾಕೆ?

ನಮ್ಮಲ್ಲಿರೋದು 1961ರ ಅಪ್ರೆಂಟಿಸ್ ಕಾಯ್ದೆ. 2019ರಲ್ಲಿ ಬದಲಾದ ನಿಯಮದ ಪ್ರಕಾರ, 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು. 4ರಿಂದ 29 ಜನರಿದ್ದರೆ ಅದು ಮಾಲೀಕರ ಇಷ್ಟ. ವೈಂಡಿಂಗ್ ಅಂಗಡಿಯಲ್ಲಿ ಇರೋದು ಇಬ್ಬರು, ಮೂವರು. ಲೆಕ್ಕಕ್ಕೇ ಬರಲ್ಲ! ಸ್ಟೈಪೆಂಡ್ ಮಾತಂತೂ ದೂರವೇ ಉಳಿಯಿತು.

ಜರ್ಮನಿಯಲ್ಲಿ ಹಾಗಿಲ್ಲ. ಅಲ್ಲಿ ಅರ್ಹತೆ ಪಡೆದ ಮೇಸ್ತ್ರಿ ಇದ್ದರೆ ಸಣ್ಣ ವರ್ಕ್‌ಶಾಪೂ ಅಪ್ರೆಂಟಿಸ್ ಇಟ್ಕೊಳ್ಳಬಹುದು. ಹುಡುಗ ವಾರದಲ್ಲಿ ಒಂದೆರಡು ದಿನ ಶಾಲೆಗೆ ಹೋಗ್ತಾನೆ. ಇಲ್ಲೂ ಐದಾರು ಅಂಗಡಿಗಳನ್ನ ಒಟ್ಟು ಸೇರಿಸಿ ಹತ್ತಿರದ ಐಟಿಐಗೆ ಜೋಡಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಸದ್ಯಕ್ಕೆ ಇರೋ ದಾರಿ ಆರ್‌ಪಿಎಲ್: ಕೆಲಸ ಬಲ್ಲವರನ್ನ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆ. ಆದರೆ ಕಲಿಯುವಾಗ ಸಿಗಬೇಕಿದ್ದ ಸ್ಟೈಪೆಂಡ್ ಅದರಲ್ಲಿ ವಾಪಸ್ ಬರಲ್ಲ.