ಕಾತ್ಯಾಯಿನಿಯ ಸಂಕಟವನ್ನು ತೆರೆಗೆ ತಂದವರು: ಗಿರೀಶ ಕಾರ್ನಾಡ

ಇದು ಎಂಬತ್ತರ ದಶಕದ ಕೊನೆಯ ಮಾತು. ಸೇಡಂನಲ್ಲಿ ನಮ್ಮ ಓಣಿಗೆಲ್ಲ ಸೇರಿ ಒಂದೇ ಟಿ.ವಿ. ಅದೂ ಕಪ್ಪು-ಬಿಳುಪಿನದು. ಭಾನುವಾರ ಮಧ್ಯಾಹ್ನ ಊಟದ ಪಾತ್ರೆಗಳನ್ನು ತೊಳೆದಿಟ್ಟು, ನಾವು ನಾಲ್ಕಾರು ಹೆಣ್ಣುಮಕ್ಕಳು ಆ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂಡುತ್ತಿದ್ದೆವು. ಪ್ರಶಸ್ತಿ ಪಡೆದ ಚಿತ್ರ ಎಂದರೆ ಹಾಡಿಲ್ಲ, ಹೊಡೆದಾಟವಿಲ್ಲ ಎಂದು ಗಂಡಸರು ಮಲಗಿಬಿಡುತ್ತಿದ್ದರು. ನಮಗೂ ಅಷ್ಟೇ ಬೇಕಾಗಿತ್ತು!

ಆ ದಿನ ‘ವಂಶವೃಕ್ಷ’ ಇತ್ತು. ಆಡಕಿಯಿಂದ ನನ್ನ ತಾಯಿಯ ತಂಗಿ ಬಂದಿದ್ದಳು. ಸಣ್ಣವ್ವ ಎಂದೇ ನಾವೆಲ್ಲ ಕರೆಯುವುದು. ಓದು ಬರಹ ಬಾರದ ಹೆಂಗಸು. ತೊಗರಿ ಹಸನು ಮಾಡುತ್ತ, ಮೊರದ ಮೇಲೊಂದು ಕಣ್ಣು, ಟಿ.ವಿ. ಮೇಲೊಂದು ಕಣ್ಣು ಇಟ್ಟುಕೊಂಡಿದ್ದಳು. ಚಿತ್ರದಲ್ಲಿ ಕಾತ್ಯಾಯಿನಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಕಾಲೇಜಿಗೆ ಹೋಗುತ್ತಾಳೆ, ರಾಜ ಎಂಬ ಅಧ್ಯಾಪಕನನ್ನು ಮೆಚ್ಚುತ್ತಾಳೆ, ಮರುಮದುವೆಗೆ ಮನಸ್ಸು ಮಾಡುತ್ತಾಳೆ. ಆದರೆ ಮಗ? ಮಗ ಮಾವನ ಮನೆಯ ವಂಶದ ಕುಡಿ. ಅವನನ್ನು ಬಿಟ್ಟೇ ಹೋಗಬೇಕು.

ಆ ಘಟ್ಟ ಬಂದಾಗ ಸಣ್ಣವ್ವನ ಕೈಯಲ್ಲಿದ್ದ ಮೊರ ನಿಂತುಬಿಟ್ಟಿತು.

“ಆಕಿ ಹಿಂದ ತಿರುಗಿ ನೋಡಬಾರದು ಬೇ. ನೋಡಿದ್ರ ಕಾಲು ಮುಂದ ಹೋಗಂಗಿಲ್ಲ,” ಅಂದಳು. ಅಷ್ಟೇ. ಮತ್ತೆ ತೊಗರಿಗೆ ಕೈ ಹಾಕಿದಳು.

ನನಗೆ ಆಗ ನೆನಪಾಯಿತು. ಸಣ್ಣವ್ವನದು ಉಡಿಕಿ ಮದುವೆ. ಚಿಂಚೋಳಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಇಪ್ಪತ್ತು ತುಂಬುವುದರೊಳಗೆ ಗಂಡ ತೀರಿಹೋದ. ಆಮೇಲೆ ಆಡಕಿಯವರ ಜೊತೆ ಉಡಿಕಿ ಮಾಡಿಸಿದರು. ಮೊದಲ ಮನೆಯ ಗಂಡುಮಗು ಅಲ್ಲೇ ಉಳಿಯಿತು. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಉಡಿಕಿಗೆ ಒಪ್ಪಿಗೆ ಇದೆ. ಆದರೆ ಉಡಿಕಿಯಾದವಳನ್ನು ಮದುವೆಯ ಮುಂದಿನ ಕೆಲಸಕ್ಕೆ ಯಾರೂ ಕರೆಯುವುದಿಲ್ಲ, ಬಿಟ್ಟುಬಂದ ಕೂಸಿನ ಹೆಸರನ್ನು ಅವಳೆದುರು ಯಾರೂ ಎತ್ತುವುದಿಲ್ಲ.

ಇಂಥದೊಂದು ಚಿತ್ರವನ್ನು ಮಾಡಿದವರು ಯಾರು? ಬಿ.ವಿ. ಕಾರಂತರು ಮತ್ತು ಗಿರೀಶ ಕಾರ್ನಾಡರು, ಇಬ್ಬರೂ ಕೂಡಿ. ಕಾತ್ಯಾಯಿನಿಯ ಕೈ ಹಿಡಿಯುವ ರಾಜನ ಪಾತ್ರದಲ್ಲಿ ಕಾಣಿಸಿಕೊಂಡವರೂ ಕಾರ್ನಾಡರೇ. ಆ ಮನುಷ್ಯನ ಬಾಳಿನ ಕಥೆ ತಿಳಿದಷ್ಟೂ ಸಣ್ಣವ್ವನ ಆ ಒಂದು ಮಾತು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ತಾಯಿ ಕೃಷ್ಣಾಬಾಯಿ

ಗಿರೀಶರು ಹುಟ್ಟಿದ್ದು 1938ರ ಮೇ 19ರಂದು, ಮಹಾರಾಷ್ಟ್ರದ ಮಾಥೇರಾನದಲ್ಲಿ. ಬೆಳೆದದ್ದು ಶಿರಸಿ ಮತ್ತು ಧಾರವಾಡಗಳಲ್ಲಿ. ತಂದೆ ಡಾ. ರಘುನಾಥ ಕಾರ್ನಾಡ ಸರಕಾರಿ ವೈದ್ಯರು. ತಾಯಿ ಕೃಷ್ಣಾಬಾಯಿಯವರು ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ಕಂಕುಳಲ್ಲೊಂದು ಮಗು. ಹಾಗೆಂದು ಮೂಲೆಯಲ್ಲಿ ಕೂಡಲಿಲ್ಲ. ನರ್ಸಿಂಗ್ ಕಲಿಯಲು ಹೊರಟರು. ಅಲ್ಲಿ ಡಾಕ್ಟರರ ಪರಿಚಯವಾಯಿತು. ಇಬ್ಬರೂ ಓದಿದವರು, ದುಡಿಯುವವರು. ಆದರೂ ವಿಧವಾ ವಿವಾಹಕ್ಕೆ ಸಮಾಜದ ಸಮ್ಮತಿ ಇಲ್ಲದ್ದರಿಂದ ಮದುವೆಯಾಗಲು ಐದು ವರ್ಷ ಕಾಯಬೇಕಾಯಿತು. ಕೊನೆಗೆ ಆರ್ಯ ಸಮಾಜದ ಪದ್ಧತಿಯಂತೆ ಮದುವೆ ನಡೆಯಿತು.

ಇನ್ನೊಂದು ಸಂಗತಿ ಕೇಳಿ. 1973ರಲ್ಲಿ, ಧಾರವಾಡದ ಮನೆಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ಮಗನಿಗೆ ಆಗ ಮೂವತ್ತೈದು ವರ್ಷ, ನಾಡೆಲ್ಲ ಹೆಸರು. ಬಡಿಸುತ್ತಿದ್ದ ತಾಯಿ ಮಗನನ್ನು ಅಭಿಮಾನದಿಂದ ನೋಡಿ, ಈ ಮಗುವೇ ಬೇಡವೆಂದು ನಾವು ಯೋಚಿಸಿದ್ದೆವಲ್ಲ ಎಂದು ಬಾಯಿಬಿಟ್ಟರಂತೆ! ಮನೆಯಲ್ಲಿ ಆಗಲೇ ಮಕ್ಕಳಿದ್ದರು, ಸಾಕು ಅನಿಸಿತ್ತು. ಗರ್ಭ ತೆಗೆಸಲೆಂದು ಪುಣೆಯಲ್ಲಿ ಡಾ. ಮಧುಮಾಲತಿ ಗುಣೆ ಎಂಬ ವೈದ್ಯೆಯ ಆಸ್ಪತ್ರೆಗೆ ಹೋಗಿ ಕುಳಿತಿದ್ದರು. ಒಂದು ತಾಸು ಕಾದರೂ ಡಾಕ್ಟರಮ್ಮ ಬರಲಿಲ್ಲ. ಎದ್ದು ಬಂದುಬಿಟ್ಟರು. ಮತ್ತೆ ಆ ಕಡೆ ಹೋಗಲಿಲ್ಲ.

ಮಗ ಇದನ್ನು ಮುಚ್ಚಿಡಲಿಲ್ಲ. 2011ರಲ್ಲಿ ಹೊರಬಂದ ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ದಲ್ಲಿ ಬರೆದರು. ಪುಸ್ತಕವನ್ನು ಅರ್ಪಿಸಿದ್ದೂ ಆ ದಿನ ಬಾರದೇ ಹೋದ ಆ ವೈದ್ಯೆಗೇ! ನಗುವುದೋ ಅಳುವುದೋ ತಿಳಿಯದ ಮಾತು. ಮನೆಯ ಹಿರಿಯ ಹೆಂಗಸಿನ ಬಾಯಿಂದ ಬಂದ ಮಾತನ್ನು ಹಾಗೇ ಎತ್ತಿ ಜಗತ್ತಿನ ಎದುರು ಇಟ್ಟ ಮಗ ಅವರು.

ನಾಟಕದಿಂದ ಚಿತ್ರಕ್ಕೆ

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಮೊದಲ ನಾಟಕ ‘ಯಯಾತಿ’ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ತಂದೆಯ ಮುಪ್ಪನ್ನು ಹೊತ್ತುಕೊಂಡ ಮಗ ಪುರುವಿನ ಕಥೆ ನಮಗೆಲ್ಲ ಗೊತ್ತು. ಆದರೆ ಆ ಪುರುವಿನ ಹೆಂಡತಿಯ ಗತಿಯೇನು? ಮೊನ್ನೆ ಮೊನ್ನೆ ಮನೆ ತುಂಬಿದ ಸೊಸೆಯನ್ನು ಯಾರಾದರೂ ಒಂದು ಮಾತು ಕೇಳಿದರೇ? ಕಾರ್ನಾಡರು ಚಿತ್ರಲೇಖೆ ಎಂಬ ಆ ಸೊಸೆಗೆ ಬಾಯಿ ಕೊಟ್ಟರು. 1964ರಲ್ಲಿ ‘ತುಘಲಕ್’ ಬಂತು, ದೇಶದಲ್ಲೆಲ್ಲ ಹೆಸರಾಯಿತು.

ಮದ್ರಾಸಿನಲ್ಲಿ ಪುಸ್ತಕ ಪ್ರಕಾಶನದ ನೌಕರಿ ಮಾಡುತ್ತಿದ್ದಾಗಲೇ ಸಿನಿಮಾ ಕೈಬೀಸಿ ಕರೆಯಿತು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರವಾಗಿಸಿದರು. ಚಿತ್ರಕಥೆ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ಸೆನ್ಸಾರಿನವರು ಮೊದಲು ಚಿತ್ರವನ್ನು ತಡೆದರು. ಬಿಡುಗಡೆಯಾದ ಮೇಲೆ 1970ರ ರಾಷ್ಟ್ರಪತಿಗಳ ಸ್ವರ್ಣ ಪದಕ ಅದಕ್ಕೇ ಬಂತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು.

ಮರುವರ್ಷವೇ ಎಸ್.ಎಲ್. ಭೈರಪ್ಪನವರ ಕಾದಂಬರಿ ಆಧರಿಸಿದ ‘ವಂಶವೃಕ್ಷ’. ನಿರ್ದೇಶಕನಾಗಿ ಕಾರ್ನಾಡರ ಮೊದಲ ಹೆಜ್ಜೆ ಅದು. ಕಾತ್ಯಾಯಿನಿಯಾಗಿ ಎಲ್.ವಿ. ಶಾರದಾ ಅವರು ನಟಿಸಿದರು. ಮುಂದೆ ವಿಷ್ಣುವರ್ಧನ್ ಎಂದು ಮನೆಮಾತಾದ ತರುಣ ಚಿಕ್ಕದೊಂದು ಪಾತ್ರದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡದ್ದೂ ಇದರಲ್ಲೇ. ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಕಾರಂತ-ಕಾರ್ನಾಡರಿಬ್ಬರಿಗೂ ಸೇರಿ ಬಂತು.

ಕಥೆಯ ಮರ್ಮ ಎಲ್ಲಿದೆ ನೋಡಿ. ವಂಶ, ವಂಶ ಎಂದು ಮೊಮ್ಮಗನನ್ನು ಉಳಿಸಿಕೊಂಡ ಮಾವ ಶ್ರೀನಿವಾಸ ಶ್ರೋತ್ರಿಗಳು ಕೆಟ್ಟವರಲ್ಲ, ಸಾತ್ವಿಕರು. ಕೊನೆಗಾಲದಲ್ಲಿ ಅವರಿಗೆ ತಮ್ಮ ಹುಟ್ಟಿನ ಗುಟ್ಟೇ ಬೇರೆ ಎಂದು ತಿಳಿಯುತ್ತದೆ. ತಾವು ಕಾಪಾಡಿದ ವಂಶ ತಮ್ಮದೇ ಅಲ್ಲ! ಹಾಗಾದರೆ ಒಬ್ಬ ತಾಯಿಯ ಒಡಲನ್ನು ಬರಿದು ಮಾಡಿದ್ದು ಯಾವುದಕ್ಕಾಗಿ? ಈ ಪ್ರಶ್ನೆಯನ್ನು ಚಿತ್ರ ನಮ್ಮ ಮಡಿಲಿಗೆ ಹಾಕಿ ಸುಮ್ಮನಾಗುತ್ತದೆ.

ತಮ್ಮ ತಾಯಿಯನ್ನು ನೆನೆದೇ ಕಾರ್ನಾಡರು ಈ ಕಥೆಯನ್ನು ಆರಿಸಿಕೊಂಡರೆಂದು ನಾನು ಹೇಳಲಾರೆ. ಆದರೆ ಮರುಮದುವೆಯಾದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗ, ವಿಧವೆಯ ಕೈ ಹಿಡಿಯುವವನ ಪಾತ್ರವನ್ನು ತಾನೇ ಧರಿಸಿದ ಎಂಬುದು ಸಣ್ಣ ಮಾತೇನಲ್ಲ.

ಗೆಲುವೂ ಸೋಲೂ

1973ರಲ್ಲಿ ‘ಕಾಡು’ ಬಂತು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. ಗಂಡ ಪಕ್ಕದ ಊರಿನ ಇನ್ನೊಬ್ಬಳ ಮನೆಗೆ ಹೋಗುತ್ತಾನೆ, ಮನೆಯಲ್ಲಿ ಹೆಂಡತಿ ಕಮಲಿ ಬೇಯುತ್ತಾಳೆ, ಇದನ್ನೆಲ್ಲ ಕಿಟ್ಟಿ ಎಂಬ ಸಣ್ಣ ಹುಡುಗ ಪಿಳಿಪಿಳಿ ಕಣ್ಣಿನಿಂದ ನೋಡುತ್ತಾನೆ. ಕಮಲಿಯ ಪಾತ್ರಕ್ಕೆ ನಂದಿನಿ ಭಕ್ತವತ್ಸಲ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ದೊರೆಯಿತು. 1978ರ ‘ಒಂದಾನೊಂದು ಕಾಲದಲ್ಲಿ’ ಜಪಾನಿನ ಕುರೊಸಾವಾ ಅವರ ಕತ್ತಿವರಸೆಯ ಚಿತ್ರಗಳಿಂದ ಸ್ಫೂರ್ತಿ ಪಡೆದದ್ದು. ನಮ್ಮ ಶಂಕರನಾಗ್ ಅವರನ್ನು ತೆರೆಗೆ ತಂದ ಚಿತ್ರವದು.

ನಟನಾಗಿ ಹಿಂದಿಯಲ್ಲೂ ಹೆಸರಾದರು. 1976ರ ‘ಮಂಥನ್’ ಚಿತ್ರವನ್ನು ಗೃಹಿಣಿಯರಾದ ನಾವು ನೋಡಲೇಬೇಕು. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ತೆಗೆಸಿದ ಚಿತ್ರ! ಹಳ್ಳಿಗೆ ಬಂದು ಹಾಲಿನ ಸಹಕಾರ ಸಂಘ ಕಟ್ಟಿಸುವ ದನದ ಡಾಕ್ಟರ್ ರಾವ್ ಅವರ ಪಾತ್ರ ಕಾರ್ನಾಡರದು. 1977ರ ‘ಸ್ವಾಮಿ’ಯಲ್ಲಿ, ಮನಸ್ಸಿಲ್ಲದೆ ಮದುವೆಯಾಗಿ ಬಂದ ಹೆಂಡತಿಯ ಮನಸ್ಸು ತಾನಾಗಿ ತಿರುಗುವವರೆಗೆ ತಾಳ್ಮೆಯಿಂದ ಕಾಯುವ ಗಂಡ. ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ಕಟ್ಟುನಿಟ್ಟಿನ ಅಪ್ಪ. ಆ ಅಪ್ಪ ಕಣ್ಣು ಕೆಂಪಗೆ ಮಾಡಿದರೆ ನಮ್ಮ ಮಕ್ಕಳೂ ಪಾಟಿ ಹಿಡಿದು ಕೂಡುತ್ತಿದ್ದರು!

ಎಲ್ಲವೂ ಗೆಲುವೇ ಆಗಲಿಲ್ಲ. ಹಿಂದಿಯ ‘ಉತ್ಸವ್’ ಚಿತ್ರವನ್ನು 1984ರಲ್ಲಿ ಭಾರಿ ಖರ್ಚಿನಲ್ಲಿ ತೆಗೆದರು. ಅದು ನಿರ್ಮಾಪಕರಾದ ಶಶಿ ಕಪೂರರಿಗೆ ದೊಡ್ಡ ನಷ್ಟವನ್ನೇ ತಂದಿತು. ಕಾರ್ನಾಡರು ಅಲ್ಲಿಗೇ ನಿಲ್ಲಲಿಲ್ಲ. 1999ರಲ್ಲಿ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ತೆರೆಗೆ ತಂದರು. ಸುಬ್ಬಮ್ಮನಾಗಿ ತಾರಾ. ಎಳೆಯ ಹುಡುಗಿಯನ್ನು ಕಟ್ಟಿಕೊಂಡು ಗೋಳುಹೊಯ್ದುಕೊಳ್ಳುವ ವಯಸ್ಸಾದ ಗೌಡನ ಪಾತ್ರವನ್ನು ನಿರ್ದೇಶಕರು ತಮಗೇ ಇಟ್ಟುಕೊಂಡರು. ಒಳ್ಳೆಯವನಾಗಿ ಮಾತ್ರ ಕಾಣಿಸಬೇಕೆಂಬ ಆಸೆ ಅವರಿಗೆ ಇರಲಿಲ್ಲ.

ಅಜ್ಜಿಯರ ಬಾಯಿಂದ

ತುತ್ತು ಉಣ್ಣಿಸುತ್ತ, ದೀಪದ ಕೆಳಗೆ ನಾವು ಹೇಳುವ ಕಥೆಗಳಿಗೆ ಬೆಲೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಎ.ಕೆ. ರಾಮಾನುಜನ್ ಅವರು ಹೆಂಗಸರ ಬಾಯಿಂದ ಕೇಳಿ ಸಂಗ್ರಹಿಸಿದ ಕನ್ನಡ ಕಥೆಗಳೇ ಕಾರ್ನಾಡರ ‘ನಾಗಮಂಡಲ’ಕ್ಕೆ ಬೇರು. 1988ರ ಈ ನಾಟಕದ ಮೊದಲಲ್ಲಿ ಒಂದು ಸೊಗಸಾದ ಕಲ್ಪನೆಯಿದೆ. ಊರಿನ ಮನೆಗಳಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಆ ಜ್ವಾಲೆಗಳೆಲ್ಲ ಹಾಳು ಗುಡಿಯೊಂದರಲ್ಲಿ ಕೂಡಿ, ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ! ತನಗೆ ಗೊತ್ತಿದ್ದ ಕಥೆಯನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡ ಮುದುಕಿಯ ಬಾಯಿಂದ ಕಥೆಯೇ ತಪ್ಪಿಸಿಕೊಂಡು ಓಡಿಬರುತ್ತದೆ. 1997ರಲ್ಲಿ ಟಿ.ಎಸ್. ನಾಗಾಭರಣ ಅವರು ಇದನ್ನು ಚಿತ್ರ ಮಾಡಿದರು.

ಹೂವಿನ ಗಿಡವಾಗುವ ಹುಡುಗಿಯ ಕಥೆ ನಿಮ್ಮ ಅಜ್ಜಿಯೂ ಹೇಳಿರಬಹುದು. ನೀರು ಹಾಕಿದರೆ ಗಿಡವಾಗುತ್ತಾಳೆ, ಮತ್ತೆ ನೀರು ಹಾಕಿದರೆ ಹುಡುಗಿಯಾಗುತ್ತಾಳೆ. ಹೂ ಕೀಳುವವರು ಕೊಂಬೆ ಮುರಿದರೆ ಮಾತ್ರ ಮತ್ತೆ ಮೊದಲಿನಂತಾಗುವುದಿಲ್ಲ. 1992ರಲ್ಲಿ ಕಾರ್ನಾಡರು ಹಿಂದಿಯಲ್ಲಿ ತೆಗೆದ ‘ಚೆಲುವಿ’ ಇದೇ ಕಥೆ. ಗಂಡನ ಮನೆಯಲ್ಲಿ ಕೊಂಬೆ ಮುರಿಸಿಕೊಂಡ ಹೆಣ್ಣುಮಕ್ಕಳು ನಮ್ಮ ಓಣಿಯಲ್ಲೂ ಇಲ್ಲವೇ?

ನಮ್ಮ ಕಡೆಯ ನೆಲಕ್ಕೂ ಅವರು ಋಣಿ. ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ನಡೆದ ಶರಣರ ಕ್ರಾಂತಿಯೇ ಅವರ ‘ತಲೆದಂಡ’ ನಾಟಕದ ವಸ್ತು. ಅದಕ್ಕೆ 1994ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1998ರಲ್ಲಿ ಜ್ಞಾನಪೀಠ. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದಾಗ ಸರಕಾರಿ ಗೌರವವನ್ನೂ ಮನೆಯವರು ಬೇಡವೆಂದರು.

ಸಣ್ಣವ್ವ ಬರೆಸಿದ ಪತ್ರ

ಮತ್ತೆ ಆ ಭಾನುವಾರಕ್ಕೆ ಬರೋಣ. ಚಿತ್ರ ಮುಗಿದು ಎಲ್ಲರೂ ಎದ್ದುಹೋದರು. ಸಣ್ಣವ್ವ ಚಹಾ ಕುಡಿಯಲಿಲ್ಲ. ಸಂಜೆ ನಾನು ಜೋಳದ ಹಿಟ್ಟು ನಾದುತ್ತಿದ್ದಾಗ ಒಲೆಯ ಹತ್ತಿರ ಬಂದು ಕುಳಿತಳು.

“ನಿನಗ ಬರಿಲಿಕ್ಕಿ ಬರ್ತದಲ್ಲ. ಒಂದು ಕಾಗದ ಬರಿ ಬೇ,” ಅಂದಳು.

“ಯಾರಿಗಿ, ಸಣ್ಣವ್ವ?”

“ಅವನಿಗಿ.”

ಹಿಟ್ಟಿನ ಕೈ ತೊಳೆದುಕೊಂಡು ಬಂದು ಕುಳಿತೆ. ಏನು ಬರೆಯಲಿ ಎಂದರೆ ಬಹಳ ಹೊತ್ತು ಸುಮ್ಮನಿದ್ದಳು. ಕಡೆಗೆ ಹೇಳಿದ್ದು ಎರಡೇ ಮಾತು. ನಾನು ಆಡಕಿಯೊಳಗ ಅದೀನಿ. ನಿನಗ ಬಿಟ್ಟಿದ್ದು ನನ್ನ ಮನಸಿಲೆ ಅಲ್ಲ.

ಒಂದು ತಿಂಗಳಾದರೂ ಉತ್ತರವಿಲ್ಲ. ಸಣ್ಣವ್ವ ಕೇಳಲೂ ಇಲ್ಲ. ಪಂಚಮಿಯ ಮರುದಿನ ಅವಳ ಮನೆಯ ಬಾಗಿಲಲ್ಲಿ ಇಪ್ಪತ್ತೈದರ ತರುಣನೊಬ್ಬ ಬಂದು ನಿಂತಿದ್ದನಂತೆ. ಹೆಗಲ ಮೇಲೆ ಅರ್ಧ ಚೀಲ ತೊಗರಿ. ಯಾರು ಏನು ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆಡಕಿಯ ಕಾಕಾ ಎದ್ದು ಚಾಪೆ ಹಾಸಿದರು. ಸಣ್ಣವ್ವ ಕೇಳಿದ್ದು ಒಂದೇ ಮಾತು:

“ಉಂಡಿಯೇನಪ್ಪಾ?”

ಸೋದರಿಯರೇ, ‘ವಂಶವೃಕ್ಷ’ ನಿಮಗೆಲ್ಲಾದರೂ ಸಿಕ್ಕರೆ ಮನೆಯ ಹಿರಿಯ ಹೆಂಗಸರನ್ನು ಪಕ್ಕದಲ್ಲಿ ಕೂಡಿಸಿಕೊಂಡು ನೋಡಿ. ಚಿತ್ರ ಮುಗಿದ ಮೇಲೆ ಟಿ.ವಿ. ಆರಿಸಿ, ತಟ್ಟನೆ ಎದ್ದು ಕೆಲಸಕ್ಕೆ ಹೋಗಬೇಡಿ. ಸ್ವಲ್ಪ ಹೊತ್ತು ಅವರ ಹತ್ತಿರವೇ ಕೂಡಿ.